ತಲೆಗೆ ಹೋದ ತೊಡೆಯ ದಾರಿ

ಬೇಮಳಖೇಡದ ಜಿಜಾಬಾಯಿ ಆಡು ಕಾಯುವವಳು. ಬಾಯಿ ಜೋರು, ಅವಳು ಎದುರಾದರೆ ಗಂಡಸರೇ ದಾರಿ ಬಿಡುತ್ತಿದ್ದರು. ಅಂಥವಳು ಒಂದು ಬೆಳಿಗ್ಗೆ ಹಾಲು ಕರೆಯಲು ಬಗ್ಗಿದಾಗ ತಲೆಯೊಳಗೆ ಸಿಡಿಲು ಹೊಡೆದಂತಾಗಿ ಕುಸಿದಳು. ವಾಂತಿಯಾಯಿತು, ಕುತ್ತಿಗೆ ಸೆಟೆಯಿತು.

ಮನೆಯಲ್ಲಿ ವೈದ್ಯರಿಗೇನು ಕೊರತೆ? ಗಂಡ ಪಂಡರಿ ಹಣೆಗೆ ಬಾಮು ತಿಕ್ಕಿ ಚಹಾ ಕಾಸಿದ. ಪಕ್ಕದ ಮನೆಯ ನಾದಿನಿ ಸುಂದರಬಾಯಿ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.

"ಘಾಟೇ ಬರಲಿಲ್ಲ ನೋಡ್ರಿ, ದೃಷ್ಟಿನೇ ಆಗ್ಯಾದ," ಎಂದು ಕೆಮ್ಮುತ್ತಲೇ ತೀರ್ಪು ಕೊಟ್ಟಳು.

ಹುಮನಾಬಾದಿನಿಂದ ಓಡಿಬಂದ ಮಗಳು ಸಾಕ್ಷಿ ಯಾರ ಮಾತೂ ಕೇಳದೆ ತಾಯಿಯನ್ನು ಜೀಪಿಗೆ ಹತ್ತಿಸಿದಳು. ಹುಮನಾಬಾದಿನಲ್ಲಿ ಸ್ಕ್ಯಾನ್ ಆಯಿತು. ಮಿದುಳಿನ ರಕ್ತನಾಳ ಗುಳ್ಳೆಯಂತೆ ಉಬ್ಬಿ ಸೋರಿದೆ, ಇನ್ನೊಮ್ಮೆ ಒಡೆದರೆ ಉಳಿಯುವುದು ಕಷ್ಟ ಎಂದು ಹೈದರಾಬಾದಿಗೆ ಕಳಿಸಿದರು.

ಅಲ್ಲಿಯ ಡಾಕ್ಟರು ತಲೆಬುರುಡೆ ತೆರೆಯುವುದಿಲ್ಲ ಎಂದರು. ತೊಡೆಯ ಸಂದಿನ ರಕ್ತನಾಳದಿಂದ ಸಣ್ಣ ನಳಿಕೆಯನ್ನು ಮಿದುಳಿನವರೆಗೆ ಒಯ್ದು, ಉಬ್ಬಿದ ಜಾಗದಲ್ಲಿ ಕೂದಲಿನಂಥ ಪ್ಲಾಟಿನಂ ತಂತಿ ಸುತ್ತಿ ತುಂಬುತ್ತಾರಂತೆ.

"ಬ್ಯಾನಿ ತಲ್ಯಾಗ ಅದ್ರಿ ಸಾಹೇಬ್ರ, ತೊಡಿಗ್ಯಾಕ ಹೋಗ್ತೀರಿ?" ಪಂಡರಿ ಕೇಳಿದ.

"ದಾರಿ ಅಲ್ಲಿಂದ ಅದಪ್ಪ."

"ಅಂದ್ರ ನಮ್ಮೂರ ಬಸ್ಸಿನ್ಹಂಗ, ಸುತ್ತಿ ಹೋಗ್ತದ," ಎಂದು ಗೊಣಗಿ ಒಪ್ಪಿದ. ಆಮೇಲೆ ಹೊರಗಿನ ಬೆಂಚಿನ ಮೇಲೆ ಕುಳಿತು, ಯಾರೂ ನೋಡುತ್ತಿಲ್ಲವೆಂದುಕೊಂಡು ಅತ್ತ.

ಜಿಜಾಬಾಯಿ ಬದುಕಿ ಬಂದಳು. ಊರಿಗೆ ಮಾತ್ರ ಭಾರೀ ನಿರಾಸೆ. ಬೋಳು ತಲೆ, ಹೊಲಿಗೆ ನೋಡಲು ಬಂದವರಿಗೆ ಎಣ್ಣೆ ಹಚ್ಚಿ ಹೆಣೆದ ಜಡೆ ಕಾಣಿಸಿತು.

"ಆಪರೇಷನ್ ಅಂತ! ಚಾರ್‌ಮಿನಾರ್ ನೋಡಾಕ ಹೋಗಿದ್ಳು," ಎಂದು ಸುಂದರಬಾಯಿ ಹಬ್ಬಿಸಿದಳು. ಊರ ಹಿರಿಯ ಲಾಲಪ್ಪ ವಿಚಾರಣೆಗೇ ಬಂದ.

"ಗಾಯ ಎಲ್ಲಿ ಅದವ್ವಾ?"

"ತೊಡಿ ಮ್ಯಾಲ ಅದ್ರಿ ಕಾಕಾ. ಕಾಕಿನ್ನೂ ಕರ್ಕೊಂಡು ಬರ್ರಿ, ಇಬ್ರಿಗೂ ಕೂಡೇ ತೋರಸ್ತೀನಿ."

ಲಾಲಪ್ಪ ಚಪ್ಪಲಿ ಹುಡುಕತೊಡಗಿದ.

"ಕುಂದರ್ರಿ. ತಲಿಯೊಳಗ ಏನದ ಅಂತ ಫೋಟೊ ತಗಿಯೂ ಮಶೀನ್ ಹುಮನಾಬಾದದಾಗ ಅದ. ನೀವೂ ಒಮ್ಮಿ ಹೋಗಿ ಬರ್ರಿ. ಏನೂ ಕಾಣಲಿಲ್ಲಂದ್ರ ಗಾಬರಿ ಆಗಬ್ಯಾಡ್ರಿ."

ಆದರೂ ಅವಳು ಪೂರ್ತಿ ಮೊದಲಿನಂತಾಗಲಿಲ್ಲ. ಬೇಗ ದಣಿಯುತ್ತಿದ್ದಳು. ಆಡುಗಳ ಹೆಸರು ನೆನಪಿಗೆ ಬಾರದೆ ಮೊದಮೊದಲು ಅಳುತ್ತಿದ್ದಳು. ಕೊನೆಗೆ ಎಲ್ಲವನ್ನೂ ಸುಂದರಬಾಯಿ ಎಂದೇ ಕರೆಯತೊಡಗಿದಳು. ನಾದಿನಿ ಮಾತು ಬಿಟ್ಟಳು.

ಅತ್ತೆ ಮಾತು ಬಿಡುವಂತೆ ಮಾಡಿದ್ದಕ್ಕೆ ಸಾಕ್ಷಿ ಫೋನಿನಲ್ಲಿ ಬೈದಾಗ ಜಿಜಾಬಾಯಿ ಹೇಳಿದಳು: "ಆರಾಮ ತಗೋ ಅಂತ ಡಾಕ್ಟರೇ ಹೇಳ್ಯಾರಲ್ಲವಾ. ತಗೊಳಾಕತ್ತೀನಿ."