ಲಿಂಗಪ್ಪ ಗಾಳಿ ಬಿಟ್ಟ ಜೀಪು

ಬಾಳ್ಳುಪೇಟೆಯ ಹೆದ್ದಾರಿಯಲ್ಲಿ ಅಡ್ಡಾದಿಡ್ಡಿ ನಿಂತ ಗಾಡಿಗಳಿಗೆ ಹೋಂಗಾರ್ಡ್ ಲಿಂಗಪ್ಪ ಕೊಡುತ್ತಿದ್ದ ಶಿಕ್ಷೆ ಒಂದೇ: ಚಕ್ರದ ಗಾಳಿ ಬಿಡುವುದು. ಕುಕ್ಕರಗಾಲಲ್ಲಿ ಕೂತು ವಾಲ್ವಿನ ಪಿನ್ನು ಒತ್ತಿದನೆಂದರೆ ಮುಗಿಯಿತು. ಬೈದರೂ ಅಷ್ಟೇ, ಕಾಲಿಗೆ ಬಿದ್ದರೂ ಅಷ್ಟೇ. ಒಮ್ಮೆ ಸ್ವಂತ ಬೀಗರ ಬೈಕಿಗೂ ಬಿಟ್ಟಿದ್ದ. "ಲಿಂಗಪ್ಪಂಗೆ ಮುಖ ಕಾಣಲ್ಲ ಕಣ್ರೀ, ಬರೀ ಚಕ್ರ ಕಾಣ್ತದೆ" ಎಂದು ಊರು ನಗುತ್ತಿತ್ತು. ಬಡವನಿಗಿದ್ದ ಆಸ್ತಿ ಆ ಹೆಸರೊಂದೇ. ಅದಕ್ಕೆ ಮಸಿ ಹತ್ತಬಾರದೆಂದು ಜೀವ ಬಿಡುತ್ತಿದ್ದ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಊರಿನ ಕಣ್ಣೇ ಬೇರೆಯಾಯಿತು. ಶುಕ್ರವಾರ ಮಸೀದಿ ಮುಂದೆ ಗಾಳಿ ಬಿಟ್ಟರೆ "ನಮ್ಮದೇ ಕಾಣ್ತದಾ ನಿಂಗೆ?" ಶನಿವಾರ ಆಂಜನೇಯನ ಗುಡಿ ಮುಂದೆ ಬಿಟ್ಟರೆ "ಅವರ ಹತ್ರ ಬಾಲ ಮುದುರ್ಕೊಂಡು ನಮ್ಮ ಹತ್ರ ಪೌರುಷನಾ?" ಊರ ಬಾಯಿಗೆ ಹೊಲಿಗೆ ಹಾಕಲಾದೀತೇ? ಈ ಪುಣ್ಯಾತ್ಮ ಹಾಕಲು ಹೊರಟ. ಗುಡಿ ಮುಂದೆ ಒಂದು ಗಾಡಿಯಾದರೆ ಮಸೀದಿ ಮುಂದೆಯೂ ಒಂದು, ಸರಿಸಮ!

"ತಪ್ಪು ಮಾಡ್ದೋರು ಸಿಗ್ದಿದ್ರೆ ಏನ್ಮಾಡ್ತೀಯ ಮಾರಾಯ?" ಎಂದಳು ಹೆಂಡತಿ ತಾಯಮ್ಮ.

"ಸಿಗ್ದೆ ಎಲ್ಲಿಗೆ ಹೋಗ್ತಾರೆ, ಸುಮ್ನಿರು" ಎಂದು ಗದರಿದ.

ಒಂದು ಶನಿವಾರ ಗುಡಿ ಮುಂದೆ ಕಾಫಿ ವ್ಯಾಪಾರಿ ಚಂದ್ರಯ್ಯನ ಕಾರಿನ ಗಾಳಿ ಹೋಯಿತು. "ಶುಕ್ರವಾರ ನೋಡ್ತೀನಿ ನಿನ್ ಗಂಡಸ್ತನಾನ" ಎಂದವನು ಶುಕ್ರವಾರ ಮಸೀದಿ ಎದುರಿನ ಹೋಟೆಲಿನಲ್ಲಿ ತನ್ನವರೊಂದಿಗೆ ಬಂದು ಕೂತೇಬಿಟ್ಟ. ಆವತ್ತು ನಮಾಜಿಗೆ ಬಂದವರು ಎಲ್ಲ ಗಾಡಿಗಳನ್ನೂ ರಸ್ತೆಯಿಂದ ಇಳಿಸಿ ಸಾಲಾಗಿ ನಿಲ್ಲಿಸಿದ್ದರು. ಒಂದೂ ತಪ್ಪಿರಲಿಲ್ಲ. ಹೋಟೆಲಿನಿಂದ ಕೆಮ್ಮು ಕೇಳಿತು, ನಗು ಕೇಳಿತು. ಲಿಂಗಪ್ಪನ ಮೈ ಉರಿಯಿತು. ಕಾರಿಗೆ ಸ್ಕೂಟರು ಸಮವಲ್ಲವಲ್ಲ! ಸಾಲಿನಲ್ಲಿದ್ದ ಒಂದೇ ಒಂದು ದೊಡ್ಡ ಗಾಡಿ, ಅಬ್ದುಲ್ ರಶೀದನ ಬಾಡಿಗೆ ಜೀಪಿನ ಪಕ್ಕ ಕೂತು ಹಿಂದಿನ ಎರಡೂ ಚಕ್ರ ಇಳಿಸಿದ.

ನಮಾಜು ಮುಗಿಯುತ್ತಿದ್ದಂತೆ ರಶೀದನ ಮನೆಯಿಂದ ಕೂಗು ಬಂತು. ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ತಾಹಿರಾಳಿಗೆ ರಕ್ತ ನಿಲ್ಲುತ್ತಿರಲಿಲ್ಲ. ಜೀಪು ಕುಂಡೆ ಊರಿ ಕೂತಿತ್ತು. ಪಂಕ್ಚರ್ ಅಂಗಡಿಯಲ್ಲಿ ಕರೆಂಟಿರಲಿಲ್ಲ. ಹಾಳಾದ್ದು, ಸಿಕ್ಕಿದ್ದು ಮರಳು ತುಂಬಿದ ಲಾರಿ. ಅದು ತೆವಳಿಕೊಂಡು ಸಕಲೇಶಪುರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಾಹಿರಾ ಹೋಗಿಬಿಟ್ಟಿದ್ದಳು, ಹೊಟ್ಟೆಯಲ್ಲಿದ್ದ ಕೂಸೂ.

"ಈಗ ಸಮ ಆಯ್ತು ನೋಡು" ಎಂದು ಚಂದ್ರಯ್ಯ ಬೆನ್ನು ತಟ್ಟಿದ. ಆ ನಾಲಗೆ ಸೇದಿಹೋಗಬೇಕಿತ್ತು.

ಮಣ್ಣು ಮುಗಿಸಿದ ಮೇಲೆ ರಶೀದ ಲಿಂಗಪ್ಪನ ಬಾಗಿಲಿಗೆ ಬಂದ.

"ನನ್ ಜೀಪು ಎಲ್ಲಿ ತಪ್ಪಾಗಿ ನಿಂತಿತ್ತು? ತಪ್ಪು ನಂದಾದ್ರೆ ಹೇಳ್ಬುಡು, ನಾನೇ ಹೊತ್ಕೋತೀನಿ."

ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು. ಲಿಂಗಪ್ಪನಿಗೆ ಅದನ್ನು ಹೇಳಲಾಗಲಿಲ್ಲ.

"ತಪ್ಪಿರ್ಲಿಲ್ಲ ಕಣೋ. ಶನಿವಾರ ನಮ್ಮ ಕಡೇದು ಬಿಟ್ಟಿದ್ದೆ. ನಿಮ್ಮ ಕಡೇದೊಂದು ಬೇಕಿತ್ತು."

ರಶೀದ ಒಳಗೆ ನಿಂತಿದ್ದ ತಾಯಮ್ಮನನ್ನು ನೋಡಿದ. "ಅಕ್ಕಂಗೆ ಹಾವು ಕಚ್ಚಿದಾಗ ಇದೇ ಜೀಪಲ್ಲಿ ಕರ್ಕೊಂಡ್ ಹೋಗಿದ್ದೆ. ಆವತ್ತು ಅದು ಯಾವ ಕಡೇದಾಗಿತ್ತು ಲಿಂಗಪ್ಪ?"

ಲಿಂಗಪ್ಪ ಮತ್ತೆಂದೂ ಯಾವ ಚಕ್ರದ ಪಕ್ಕವೂ ಕೂರಲಿಲ್ಲ. ಗಾಡಿಗಳು ಕಂಡಕಂಡಲ್ಲಿ ನಿಂತವು. ಅವರಿಗೆ ಹೆದರಿದ ಎಂದು ಇವರೆಂದರು, ಇವರಿಗೆ ಹೆದರಿದ ಎಂದು ಅವರೆಂದರು.