ನನ್ನ ಪಾಲಿನ ಹಾಲು

ಟ್ರಂಕಿನ ಮುಚ್ಚಳ ತೆಗೆದ ಕೂಡಲೇ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಹುಮನಾಬಾದಿನ ಅಕ್ಕನ ಮನೆಯ ದೇವರ ಕೋಣೆಯಲ್ಲಿ, ಮೂರ್ತಿಗಳನ್ನಿಟ್ಟ ಜಗಲಿಯ ಕೆಳಗಿದ್ದ ಟ್ರಂಕು ಅದು. ಒಳಗೆ ಕೆಂಪು ಮಖಮಲ್ಲಿನ ಹಾಸು. ಅದರ ಮೇಲೆ ಒಡೆದು ಹಳದಿಗಟ್ಟಿದ ಹಾಲು, ಕೊಳೆತ ಚೆಂಡು ಹೂವು, ಸತ್ತ ಇರುವೆ. ಇವೆಲ್ಲದರ ನಡುವೆ ಬಾಯಿ ಅರೆ ತೆರೆದುಕೊಂಡು ಬಿದ್ದಿತ್ತು ಭಾವನ ಎರಡು ತಲೆ ಹಾವು.

ಅದಕ್ಕೆ ಎರಡು ತಲೆ ಇರುವುದಿಲ್ಲ. ಬಾಲ ಮೊಂಡಾಗಿ ತಲೆಯ ಹಾಗೆ ಕಾಣುತ್ತದೆ, ಅಷ್ಟೇ. ಮಣ್ಣೊಳಗೆ ಹುದುಗಿಕೊಂಡು ಇಲಿ ತಿಂದು ಬದುಕುವ ಬಡ ಪ್ರಾಣಿ. ಆದರೆ ಬಟ್ಟೆ ಅಂಗಡಿಯ ನಮ್ಮ ಭಾವನಿಗೆ ಯಾರೋ ಅದು ಇದ್ದ ಮನೆಗೆ ಬರಕತ್ತು, ದುಡ್ಡು ತಾನಾಗಿ ಬರುತ್ತದೆ ಎಂದು ಹೇಳಿದ್ದರು. ಶ್ರಾವಣ ಹುಟ್ಟುವ ಮುಂಚೆ ಹುಲಸೂರ ಕಡೆಯಿಂದ ಚೀಲದಲ್ಲಿ ಹಾಕಿಸಿಕೊಂಡು ಬಂದರು. ಮಣ್ಣಿನ ಹಾವಿಗೆ ಮಖಮಲ್ಲು ಹಾಸಿದ ಪುಣ್ಯಾತ್ಮರು ಒಂದು ಹಿಡಿ ಮಣ್ಣು ಹಾಕಲಿಲ್ಲ. ದಿನಾ ಅರಿಶಿನ, ಕುಂಕುಮ, ಹಾಲು. ದಸರೆಯ ಹೊತ್ತಿಗೆ ಅದು ಅಲುಗಾಡುವುದನ್ನೇ ಬಿಟ್ಟಿತು.

ಭಾವ ಮಾಲು ತರಲು ಸೋಲಾಪುರಕ್ಕೆ ಹೋಗಿದ್ದಾಗ ಅಕ್ಕ ನನಗೆ ಫೋನ್ ಮಾಡಿ ಕರೆಸಿಕೊಂಡಳು. ಮನೆಯಲ್ಲಿ ಸತ್ತರೆ ಸರ್ಪದೋಷ ಬರುತ್ತದೆ, ನೀನು ಒಯ್ಯಿ ಅಂದಳು. ನನ್ನ ಮನೆಯಲ್ಲಿ ಸತ್ತರೆ ದೋಷ ಬರುವುದಿಲ್ಲವೇನು ಎಂದು ಕೇಳಿದೆ.

"ನೀ ಸೈನ್ಸ್ ಟೀಚರ್ ಇದ್ದಿ. ನಿನಗೇನೂ ಆಗಂಗಿಲ್ಲ," ಅಂದಳು ಅಕ್ಕ.

ನನಗೆ ಹಾವೆಂದರೆ ಮೈಯೆಲ್ಲ ಮುಳ್ಳು. ಆದರೂ ಒಯ್ದೆ. ಯಾಕೆಂದರೆ ಆ ಟ್ರಂಕಿನ ಹಾಲಿನಲ್ಲಿ ನನ್ನ ಪಾಲೂ ಇತ್ತು.

ಪಂಚಮಿಗೆ ನಮ್ಮ ಕಡೆ ಹೆಣ್ಣುಮಕ್ಕಳು ಮಣ್ಣಿನ ನಾಗಪ್ಪನಿಗೆ ಹಾಲು ಎರೆಯುವಾಗ ಮನೆಯವರ ಹೆಸರಿನಲ್ಲಿ ಒಂದೊಂದು ಪಾಲು ಹಾಕುತ್ತೇವೆ. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂದು ಎಣಿಸುತ್ತ, ಊರಲ್ಲಿ ಇಲ್ಲದವರನ್ನೂ ಬಿಡದೆ. ಅವ್ವ ತೀರಿದ ಮೇಲೆ ಅಕ್ಕನ ಮನೆಯೇ ನನಗೆ ತವರು. ಈ ಸಲ ಪಂಚಮಿಗೆ ಹೋದಾಗ ಭಾವ, ಜೀವಂತ ನಾಗಪ್ಪ ಮನೆಯಲ್ಲಿರುವಾಗ ಮಣ್ಣಿನದು ಯಾಕೆ ಅಂದರು. ಎಲ್ಲರೂ ಟ್ರಂಕಿನೊಳಗೇ ಎರೆದರು. ಹಾವು ಹಾಲು ಕುಡಿಯುವುದಿಲ್ಲ ಎಂದು ಒಂಬತ್ತನೆಯ ತರಗತಿಯ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಹೇಳುವ ನಾನೂ ಬಗ್ಗಿ ಎರೆದೆ. ಮುಡಬಿಯಿಂದ ಬಸವಕಲ್ಯಾಣಕ್ಕೆ ವರ್ಗ ಆಗಲಿ ಎಂದು ಬೇಡಿಕೊಂಡೆ. ಮುಂದಿನ ತಿಂಗಳೇ ಆರ್ಡರ್ ಬಂತು.

ಬಸ್ಸಿನಲ್ಲಿ ಹಾವನ್ನಿಟ್ಟು ಮುಚ್ಚಿದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಪಕ್ಕದ ಹೆಂಗಸು ಮೂಗು ಮುರಿದು, ಮೊಸರು ಕೆಟ್ಟಿದೆಯೇನು ಎಂದು ಕೇಳಿದಳು. ಹೌದು ಅಂದೆ.

ಬಸವಕಲ್ಯಾಣದ ದನದ ದವಾಖಾನೆಯ ಡಾಕ್ಟರು ಹತ್ತಿ ಸುತ್ತಿದ ಕಡ್ಡಿಯಿಂದ ಅದರ ಬಾಯೊಳಗಿನಿಂದ ಮೊಸರಿನಂಥ ಗಂಟು, ಎಳೆಎಳೆಯಾದ ಲೋಳೆ ತೆಗೆದರು. ಹಾಲು ಉಸಿರಿನ ದಾರಿಗೆ ಇಳಿದು ಶ್ವಾಸಕೋಶ ಕೆಟ್ಟಿತ್ತು. ಯಾರು ಎರೆದರು ಎಂದು ಅವರು ಕೇಳಿದಾಗ, ಹಾವು ಇದ್ದ ಮನೆಯವರು ಅಂದೆ. ಆ ಸುಳ್ಳು ಬಾಯಿಗೆ ಎಷ್ಟು ಸಲೀಸಾಗಿ ಬಂತೆಂದು ನೆನೆದರೆ ಈಗಲೂ ಅಸಹ್ಯವಾಗುತ್ತದೆ. ಇಂಥ ಹಾವನ್ನು ಸಾಕುವುದೇ ಅಪರಾಧ ಎಂದು ಡಾಕ್ಟರು ಅರಣ್ಯ ಇಲಾಖೆಯ ಗಾರ್ಡಿಗೆ ತಿಳಿಸಿದರು. ಸೂಜಿಗಳು ಮುಗಿದು, ತಾನಾಗಿ ತಿನ್ನುವ ತನಕ ನನ್ನಲ್ಲೇ ಇರಲಿ, ಆಮೇಲೆ ಬಿಡೋಣ ಎಂದು ಇಬ್ಬರೂ ಸೇರಿ ನಿಶ್ಚಯಿಸಿದರು. ಬದುಕುವ ಭರವಸೆ ಮಾತ್ರ ಯಾರೂ ಕೊಡಲಿಲ್ಲ.

ದಿನಾ ಬೆಳಿಗ್ಗೆ ಉಗುರುಬೆಚ್ಚಗಿನ ನೀರಿನಲ್ಲಿ ಅದನ್ನು ತೊಳೆಯುತ್ತಿದ್ದೆ. ಅರಿಶಿನ ಕುಂಕುಮ ಹುರುಪೆಯಾಗಿ ಅಂಟಿತ್ತು. ಅದರ ಅಡಿಯಲ್ಲಿ ಹುಣ್ಣು, ಹುಣ್ಣಿನ ಸಂದಿಯಲ್ಲಿ ರಕ್ತ ಹೀರುವ ಉಣ್ಣೆ ಹುಳ. ಚಿಮಟದಿಂದ ಒಂದೊಂದೇ ಕಿತ್ತು ಸೀಮೆಎಣ್ಣೆಯ ಬಟ್ಟಲಿಗೆ ಹಾಕುವಾಗ ಎರಡು ಸಲ ಓಡಿಹೋಗಿ ವಾಂತಿ ಮಾಡಿಕೊಂಡೆ. ಬಾಲದ ಮೇಲೆ ಕಣ್ಣಿನ ಹಾಗೆ ಎರಡು ಸುಟ್ಟ ಕಲೆ ಕಂಡವು. ಊದಿನಕಡ್ಡಿಯ ಕೆಲಸ. ಎರಡನೆಯ ತಲೆಗೆ ಕಣ್ಣು ಬೇಡವೇ? ಅಂದಿನಿಂದ ಹಾಲಿನ ವಾಸನೆ ಬಂದರೆ ಸಾಕು, ವಾಕರಿಕೆ. ಹಾಲಿಲ್ಲದ ಕರಿ ಚಹಾವನ್ನೇ ಕುಡಿಯತೊಡಗಿದೆ.

ಒಣ ಮಣ್ಣು ತುಂಬಿದ ಟಬ್ಬಿನಲ್ಲಿ ಬಿಟ್ಟ ದಿನ ಅದು ಮೂತಿಯನ್ನು ಮಣ್ಣಿಗೆ ಒತ್ತಿ ಸುಮ್ಮನೆ ಬಿದ್ದುಕೊಂಡಿತು. ಇಳಿಯಲು ಶಕ್ತಿ ಇರಲಿಲ್ಲ. ವಾರದ ಮೇಲೆ ಅರ್ಧ ಮೈ ಒಳಗೆ ಹೋಗಿತ್ತು. ನನಗೆ ಅಳು ಬಂತು.

ಅಷ್ಟರಲ್ಲಿ ಭಾವ ಬಂದರು. ಬರಕತ್ತು ಮನೆ ಬಿಟ್ಟು ಹೋಯಿತೆಂದು ಮುಖ ಗಂಟು ಹಾಕಿಕೊಂಡೇ ಕೂತರು. ಗಾರ್ಡಿಗೆ ಗೊತ್ತಾಗಿದೆ ಎಂದಾಗ ಬಣ್ಣ ಬದಲಾಯಿತು. ಹೊಲದಲ್ಲಿ ಸಿಕ್ಕಿತೆಂದು ಹೇಳಿಬಿಡು, ನಮ್ಮ ಹೆಸರು ಬೇಡ ಎಂದು ಶುರುಮಾಡಿದರು. ನಾನು ಆಗುವುದಿಲ್ಲ ಅಂದೆ.

"ನೀನೂ ಎರದಿ. ನಿನ್ನ ಆರ್ಡರ್ ಹ್ಯಾಂಗ ಬಂತು? ಈಗ ನಮಗ ಶಾಣ್ಯಾತನ ಹೇಳಾಕತ್ತಿ."

"ಹೌದ್ರಿ ಭಾವ, ನಾನೂ ಎರದೀನಿ. ಅದಕ್ಕ ತೊಳ್ಯಾಕತ್ತೇನಿ."

ಚಹಾ ಮುಟ್ಟದೆ ಎದ್ದು ಹೋದರು. ಮರುದಿನ ದವಾಖಾನೆಗೆ ಹೋಗಿ ಡಾಕ್ಟರಿಗೂ ಗಾರ್ಡಿಗೂ ಇದ್ದದ್ದು ಇದ್ದ ಹಾಗೆ ಹೇಳಿದೆ, ನನ್ನನ್ನೂ ಸೇರಿಸಿ. ಗಾರ್ಡು ಬರೆದುಕೊಂಡರು.

ದೀಪಾವಳಿಯ ಹೊತ್ತಿಗೆ ಹಾವು ನಮ್ಮ ಓಣಿಯ ಹಿಟ್ಟಿನ ಗಿರಣಿಯವರು ಹಿಡಿದುಕೊಟ್ಟ ಇಲಿಯನ್ನು ಸುತ್ತಿ ಹಿಸುಕಿ ನುಂಗಿತು. ಹೇಸಿಗೆಯಿಂದ ಮುಖ ತಿರುಗಿಸಿದೆ. ತಿರುಗಿಸಿಯೂ ನಕ್ಕೆ.

ಮೋರಖಂಡಿ ದಾರಿಯ ಒಂದು ಬೀಳು ಹೊಲದಲ್ಲಿ ಬಿಡುವುದೆಂದಾಯಿತು. ಅಕ್ಕ ಭಾವನಿಗೆ ಹೇಳದೆ ಬಂದಿದ್ದಳು. ಗಾರ್ಡು ಹಾವನ್ನು ಸಡಿಲ ಮಣ್ಣಿನ ಮೇಲೆ ಇಟ್ಟರು. ಅದು ಮೂತಿ ಒತ್ತಿ ಇಳಿಯತೊಡಗಿತು. ಆಗ ಅಕ್ಕ ಕೈಚೀಲದಿಂದ ಮುಚ್ಚಿದ ಸಣ್ಣ ತಂಬಿಗೆ ತೆಗೆದಳು. ಹಾಲು. ಇನ್ನೂ ಹೊರಗಿದ್ದ ಬಾಲದ ಕಡೆಗೆ, ಆ ಸುಟ್ಟ ಕಣ್ಣುಗಳ ಕಡೆಗೆ ಬಗ್ಗಿದಳು.

"ಕಡೀ ಸಲ. ಎಲ್ಲಾರ ಪಾಲೂ ಇದರಾಗ ಐತಿ," ಅಂದಳು.

ನಾನು ತಂಬಿಗೆ ಕಸಿದುಕೊಂಡೆ. ಹೊಲದಲ್ಲಿ ಚೆಲ್ಲಿದ್ದರೆ ಅವಳ ಎದೆ ಒಡೆಯುತ್ತಿತ್ತು. ಉಸಿರು ಬಿಗಿಹಿಡಿದು ಪೂರ್ತಿ ಕುಡಿದೆ, ದೇವರದು, ಗುರುವಿನದು, ಅಪ್ಪ ಅವ್ವನದು, ನನ್ನದು. ಗಂಟಲಿನ ತನಕ ತಿರುಗಿ ಬಂತು. ಬಾಯಿ ಒತ್ತಿ ಹಿಡಿದು, ಬಾಲ ಮಣ್ಣೊಳಗೆ ಹೋಗುವ ತನಕ ನಿಂತೆ. ಆಮೇಲೆ ಬದುವಿನ ಆಚೆ ಹೋಗಿ ಎಲ್ಲವನ್ನೂ ಕಾರಿಕೊಂಡೆ. ಅಕ್ಕ ಬೆನ್ನು ಸವರುತ್ತಿದ್ದಳು.