ಮೌಸ್ ಎಳೆದರೆ ನೆರೆ ಬಂತು

ನಂಬಿದರೆ ನಂಬಿ ಗೆಳೆಯರೇ, ಇವತ್ತು ಹಿಡಕಲ್ ಜಲಾಶಯವನ್ನೇ ಮೌಸಿನಿಂದ ಎಳೆದಾಡಿ ಬಂದಿದ್ದೇನೆ.

ಅಣೆಕಟ್ಟಿನ ಹತ್ತಿರ ಕಂಪ್ಯೂಟರ್ ರಿಪೇರಿಗೆ ಹೋಗಿದ್ದೆ. ನೀರಿನ ಮಟ್ಟ ಅಳೆಯುವ ಯಂತ್ರ ವರ್ಷಗಟ್ಟಲೆ ಒಂದೇ ಟೆಕ್ಸ್ಟ್ ಫೈಲಿಗೆ ಸಾಲು ಸಾಲಾಗಿ ಬರೆಯುತ್ತಾ ಬಂದಿದೆ. ಅದನ್ನು ತೆರೆಯಲು ಹೋದರೆ ಸಾಕು, ಕಂಪ್ಯೂಟರ್ ಹ್ಯಾಂಗ್.

"ಹಳೇದೆಲ್ಲಾ ಅಳಿಸಿಬಿಡೂಣ್ರಿ ಕಾಕಾ," ಎಂದೆ.

ಅಲ್ಲಿನ ಹಿರಿಯ ನೌಕರ ಶಿವಪ್ಪ ಕಾಕಾ ಸಿಡಿದೆದ್ದರು. "ತುಂಬೈತಿ ಅಂತ ಡ್ಯಾಮ್ ಒಡಿತಾರೇನೋ ತಮ್ಮಾ?"

ಅಳಿಸುವ ಯೋಚನೆ ಬಿಟ್ಟು, ದೊಡ್ಡ ಫೈಲುಗಳನ್ನು ತೆರೆಯಲೆಂದೇ ಇರುವ ಒಂದು ಎಡಿಟರ್ ತಂತ್ರಾಂಶ ಹಾಕಿದೆ. ಅದು ಇಡೀ ಫೈಲನ್ನು ಒಮ್ಮೆಲೇ ಹೊತ್ತು ತರುವುದಿಲ್ಲ. ಪರದೆಗೆ ಬೇಕಾದಷ್ಟನ್ನೇ ಓದುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡಿತು! ಪರದೆಯ ಬದಿಯ ಸ್ಕ್ರೋಲ್ ಪಟ್ಟಿಯನ್ನು ಮೌಸಿನಿಂದ ಹಿಡಿದು ಕೆಳಗೆಳೆದೆ. ಬೇಸಿಗೆ ಬಂದು ನೀರು ತಳ ಕಂಡಿತು. ಇನ್ನಷ್ಟು ಎಳೆದೆ. ಮಳೆಗಾಲ ಬಂದು ಅಂಕಿಗಳು ಸರಸರನೆ ಏರತೊಡಗಿದವು. ಇಷ್ಟು ವರ್ಷಗಳ ನೀರು ನನ್ನ ಒಂದು ಬೆರಳಿನಡಿ!

ಪರದೆಯನ್ನೇ ನೋಡುತ್ತಿದ್ದ ಕಾಕಾ ಗಬಕ್ಕನೆ ನನ್ನ ಕೈ ಹಿಡಿದರು.

"ಸಾವಕಾಶ ಎಳಿಯೋ ತಮ್ಮಾ! ಕೆಳಗಿನ ಊರಾಗ ಇನ್ನೂ ಡಂಗುರ ಹೊಡಸಿಲ್ಲ!"

ನಗು ಬಂತು. ಆದರೆ ಕೈ ಮಾತ್ರ ತಾನಾಗಿಯೇ ನಿಧಾನವಾಯಿತು.